ಎಡ್ಮಂಟನ್ನಿನ ಎತ್ತು, ವಿನ್ನಿಪೆಗ್ಗಿನ ಚಳಿ

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಬಿ.ಎಸ್ಸಿ. ಪಾಸಾಗಿ ಮನೆಯಲ್ಲಿ ಕೂತಿದ್ದೆ. ಆಗ ಒಂದೇ ವಾರದಲ್ಲಿ ನನಗೆ ಎರಡು ಸಂಬಂಧ ಬಂದವು, ಎರಡೂ ಕೆನಡಾದವು. ರಾಯಚೂರಿನ ಗಂಜ್ ಮಾರುಕಟ್ಟೆಯ ಹತ್ತಿರ ಅಕ್ಕಿ ಗಿರಣಿ ನಡೆಸುತ್ತಿದ್ದ ನಮ್ಮಪ್ಪನ ಬಳಿಗೆ ಅಲ್ಲಿಯವರೆಗೆ ಬಂದಿದ್ದ ವರಗಳಲ್ಲಿ ಅತಿ ದೂರದವನೆಂದರೆ ಗಂಗಾವತಿಯವನು. ಅವನನ್ನೂ ನಮ್ಮಜ್ಜಿ ದೂರವಾಯಿತೆಂದು ಬಿಡಿಸಿದ್ದಳು.

ಒಬ್ಬ ದೇವದುರ್ಗದವನು, ಎಡ್ಮಂಟನ್ ಎಂಬ ಊರಲ್ಲಿ ಪೈಪು ತಯಾರಿಸುವ ಕಾರ್ಖಾನೆಯಲ್ಲಿ ಇಂಜಿನಿಯರ್. ಇನ್ನೊಬ್ಬ ಮಾನ್ವಿಯವನು, ಧಾರವಾಡದಲ್ಲಿ ಕೃಷಿ ಓದಿ ವಿನ್ನಿಪೆಗ್ ಎಂಬ ಊರಲ್ಲಿ ಗೋಧಿ ಪರೀಕ್ಷೆ ಮಾಡುವ ಲ್ಯಾಬಿಗೆ ಸೇರಿದ್ದ. ಇಬ್ಬರೂ ನಮ್ಮ ಪೈಕಿಯವರು. ಇಬ್ಬರ ಫೋಟೋದಲ್ಲೂ ಕೋಟು, ಇಬ್ಬರ ಹಿಂದೆಯೂ ಒಂದು ಕಾರು. ಕಾರು ಯಾರದೆಂದು ಫೋಟೋ ಹೇಳುತ್ತಿರಲಿಲ್ಲ. ನಾಲ್ಕು ದಿನದಲ್ಲಿ ನಮ್ಮ ಮನೆಯಲ್ಲಿ ಅವರ ಹೆಸರುಗಳು ಮಾಯವಾಗಿ ಊರ ಹೆಸರಷ್ಟೇ ಉಳಿದವು. ಎಡ್ಮಂಟನ್ ಬಣ್ಣ ಸ್ವಲ್ಪ ಕಡಿಮೆ ಎಂದು ಅವ್ವ ಅಂದರೆ, ವಿನ್ನಿಪೆಗ್ಗಿನ ಕೂದಲು ಆಗಲೇ ಉದುರಲು ಹತ್ತಿದೆ ಎಂದು ಕಾಕಾ ಅನ್ನುತ್ತಿದ್ದ. ಕಾಕಾ ಎಂದರೆ ಅಪ್ಪನ ತಮ್ಮ. ಗಿರಣಿಯ ಕೆಲಸಕ್ಕಿಂತ ಪರರ ಪಂಚಾಯ್ತಿಯಲ್ಲಿ ಅವನಿಗೆ ಆಸಕ್ತಿ ಹೆಚ್ಚು.

ನನ್ನನ್ನು ಮಾತ್ರ ಯಾರೂ ಏನೂ ಕೇಳಲಿಲ್ಲ. ಕೇಳುವ ಪದ್ಧತಿ ಇಲ್ಲವೆಂದು ನನಗೂ ಗೊತ್ತಿತ್ತು. ಆದರೆ ಸಿಂಧನೂರಿಗೆ ಕೊಡುವಾಗ ಕೇಳದಿರುವುದು ಬೇರೆ, ಭೂಮಿಯ ಆ ಮಗ್ಗಲಿಗೆ ಕಳಿಸುವಾಗ ಕೇಳದಿರುವುದು ಬೇರೆ. ನನಗೆ ಸಿಟ್ಟು ಬಂದಿತ್ತು. ಯಾವ ಊರಾದರೂ ಆಗಲಿ, ಒಬ್ಬರಾದರೂ ನನ್ನ ಎದುರು ಕೂತು ನಿನಗೇನನಿಸುತ್ತದೆ ಎಂದು ಒಮ್ಮೆ ಕೇಳಲಿ ಎಂಬುದೇ ನನ್ನ ಆಸೆಯಾಗಿತ್ತು. ಗಿರಣಿಗೆ ಹೊಸ ಹಮಾಲಿಯನ್ನು ತೆಗೆದುಕೊಳ್ಳುವಾಗಲೂ ಅಪ್ಪ ಅವನನ್ನು ನಾಲ್ಕು ಮಾತು ಕೇಳುತ್ತಿದ್ದ.

ಹೆಣ್ಣು ಕೊಡುವ ಮೊದಲು ಗಂಡಿನ ಮನೆ ನೋಡಿ ಬರುವುದು ನಮ್ಮಲ್ಲಿ ತಪ್ಪದ ರೂಢಿ. ಆ ಕೆಲಸದಲ್ಲಿ ಅಪ್ಪನ ತಾಯಿ, ನಮ್ಮಜ್ಜಿ, ಪಳಗಿದವಳು. ಹೋದವಳೇ ಮೊದಲು ಕುಡಿಯಲು ನೀರು ಕೇಳುವಳು. ತಂಬಿಗೆ ಎಷ್ಟು ಹೊತ್ತಿಗೆ ಬಂತು, ಬೆಳಗಿದ್ದೋ ಇಲ್ಲವೋ ನೋಡುವಳು. ಆಮೇಲೆ ಮಾತಾಡುತ್ತಲೇ ಹಿತ್ತಲಿಗೆ ನಡೆದು, ಕುಳ್ಳು ಕಟ್ಟಿಗೆ ಹೇಗೆ ಒಟ್ಟಿದ್ದಾರೆಂದು ಕಣ್ಣಾಡಿಸುವಳು. ಕೊನೆಗೆ ದನದ ಕೊಟ್ಟಿಗೆ.

"ಎತ್ತಿನ ಬೆನ್ನ ಮ್ಯಾಲ ಕೈ ಆಡಿಸಿದ್ರ ಮನಿತನ ತಿಳೀತದ," ಎನ್ನುವುದು ಅವಳ ಸಿದ್ಧಾಂತ.

ಈ ಸಿದ್ಧಾಂತ ರಾಯಚೂರು ಜಿಲ್ಲೆಯಲ್ಲಿ ಒಮ್ಮೆಯೂ ಸುಳ್ಳಾಗಿರಲಿಲ್ಲವಂತೆ. ಕೆನಡಾಕ್ಕೆ ಹೋಗಿ ಕೈ ಆಡಿಸಿ ಬರುವಂತಿರಲಿಲ್ಲ. ಆದ್ದರಿಂದ ಎಡ್ಮಂಟನ್ ನೋಡಲು ದೇವದುರ್ಗಕ್ಕೂ ವಿನ್ನಿಪೆಗ್ ನೋಡಲು ಮಾನ್ವಿಗೂ ಹೋಗುವುದೆಂದು ತೀರ್ಮಾನವಾಯಿತು. ಇದರಲ್ಲಿ ಏನೋ ತಪ್ಪಿದೆ ಎಂದು ಮನೆಯಲ್ಲಿ ಯಾರಿಗೂ ಅನಿಸಲಿಲ್ಲ.

ದೇವದುರ್ಗದಿಂದ ಅಜ್ಜಿ ಚುನಾವಣೆ ಗೆದ್ದವಳಂತೆ ಬಂದಳು. ನೀರು ಕೇಳುವ ಮೊದಲೇ ಬಂತಂತೆ. ಕಟ್ಟಿಗೆಯನ್ನು ಗೋಡೆ ಕಟ್ಟಿದ ಹಾಗೆ ಒಟ್ಟಿದ್ದರಂತೆ. ಎತ್ತುಗಳಂತೂ, ಕೈ ಇಟ್ಟರೆ ಜಾರುವಷ್ಟು ನುಣುಪು. ಬೀಳ್ಕೊಡುವಾಗ ಅಲ್ಲಿಯ ಕುರುಬರು ನೇಯ್ದ ಕರಿಯ ಕಂಬಳಿಯೊಂದನ್ನು ಕೊಟ್ಟಿದ್ದರು. ಅಜ್ಜಿ ಆ ಬಿಸಿಲಲ್ಲೂ ಅದನ್ನು ಹೊದ್ದೇ ಬಸ್ಸಿಳಿದಳು. ಮಾನ್ವಿಯಿಂದ ಬಂದಾಗ ಮಾತ್ರ ಮುಖ ಸಪ್ಪಗಿತ್ತು. ನೀರು ತಡವಾಯಿತು, ಗಂಡಿನ ತಾಯಿ ಎಣಿಸಿ ಎರಡು ಮಾತಾಡಿದಳು, ಎತ್ತುಗಳು ಚೀಕಲಪರ್ವಿಯ ಹೊಲಕ್ಕೆ ಹೋಗಿದ್ದರಿಂದ ಕೈ ಆಡಿಸಲು ಸಿಗಲೇ ಇಲ್ಲ. ಹೊಳೆಯ ದಂಡೆಗೇ ಹೊಲ, ಎರಡು ಬೆಳೆ ಭತ್ತ ಎಂದು ಅಪ್ಪ ಅವರ ಪರವಾಗಿ ಒಂದು ಮಾತು ಹಾಕಿ ನೋಡಿದ. ಗಿರಣಿಯವನಿಗೆ ಭತ್ತ ಕಂಡರೆ ಸಾಕು ಎಂದು ಅಜ್ಜಿ ಅವನ ಬಾಯಿ ಮುಚ್ಚಿಸಿದಳು. ಹೀಗೆ ದೇವದುರ್ಗದ ಒಂದು ಜೋಡಿ ಎತ್ತಿನ ಬಲದಿಂದ ಎಡ್ಮಂಟನ್ ಮುಂದಾಯಿತು. ಎಡ್ಮಂಟನ್ ಒಳ್ಳೆಯ ಊರು, ವಿನ್ನಿಪೆಗ್ ಅಷ್ಟಕ್ಕಷ್ಟೆ ಎಂದು ನಮ್ಮ ಓಣಿಯ ಹೆಂಗಸರೆಲ್ಲ ಮಾತಾಡಿಕೊಂಡರು.

ಅಪ್ಪ ಸ್ವಲ್ಪ ಲೋಕ ಕಂಡವನು. ಎಲ್ಲ ಭಾರವನ್ನೂ ಎತ್ತಿನ ಮೇಲೆ ಹಾಕದೆ, ಇಬ್ಬರು ಹುಡುಗರಿಗೂ ಪತ್ರ ಬರೆದು ಊರಿನ ಬಗ್ಗೆ ವಿಚಾರಿಸೋಣ ಎಂದ. ಪ್ರಶ್ನೆಗಳನ್ನು ಅಜ್ಜಿ ಹೇಳಿದಳು. ನೀರಿನ ಅನುಕೂಲ ಹೇಗೆ, ಜೋಳ ಸಿಗುತ್ತದೆಯೋ ಇಲ್ಲವೋ, ಬೆಳಿಗ್ಗೆ ಲಿಂಗಪೂಜೆಗೆ ಹೂವು ಪತ್ರಿ ಎಲ್ಲಿಂದ ತರುತ್ತೀರಿ, ಬಗಲ ಮನೆಯವರು ಎಂಥ ಜನ, ಚಳಿ ಎಷ್ಟು. ಬರೆದವನು ಗಿರಣಿಯ ಗುಮಾಸ್ತ. ಅವನ ಅಕ್ಷರ ಮುತ್ತು ಪೋಣಿಸಿದ ಹಾಗೆ. ಆದರೆ ಇಪ್ಪತ್ತು ವರ್ಷದ ಕೈರೂಢಿ ಎಲ್ಲಿ ಹೋಗಬೇಕು? ಒಂದೇ ಮಜಕೂರು, ಎರಡು ಪ್ರತಿ ಎಂದ ಕೂಡಲೇ ಹಾಳೆಗಳ ನಡುವೆ ಕಾರ್ಬನ್ ಇಟ್ಟು ಒತ್ತಿ ಬರೆದ. ಹೆಸರಿನ ಜಾಗ ಖಾಲಿ ಬಿಟ್ಟು ಆಮೇಲೆ ತುಂಬಿದ. ಅಸಲು ಎಡ್ಮಂಟನ್ನಿಗೆ ಹೋಯಿತು, ನಕಲು ವಿನ್ನಿಪೆಗ್ಗಿಗೆ. ಅಪ್ಪನಿಗೆ ಗೊತ್ತಾಗುವಷ್ಟರಲ್ಲಿ ಎರಡೂ ಟಪಾಲು ಡಬ್ಬಿಗೆ ಬಿದ್ದಿದ್ದವು.

ಉತ್ತರ ಬರಲು ತಿಂಗಳಾದರೂ ಬೇಕಿತ್ತು. ಅಷ್ಟರಲ್ಲಿ ಚಳಿಯ ವಿಷಯ ತಾನೇ ಖುದ್ದಾಗಿ ತಿಳಿದು ಬರುತ್ತೇನೆಂದು ಕಾಕಾ ಹೊರಟ. ನಮ್ಮೂರಿನವರಿಗೆ ಬಿಸಿಲು ಗೊತ್ತು, ಚಳಿ ಗೊತ್ತಿಲ್ಲ. ಡಿಸೆಂಬರಿನ ಬೆಳಗಿನಲ್ಲಿ ಗಾಳಿ ಕೊಂಚ ತಣ್ಣಗಾದರೆ ಕಿವಿಗೆ ಮಫ್ಲರ್ ಸುತ್ತಿಕೊಂಡು ಜೀವ ಹೋಯಿತೆನ್ನುವ ಜನ ನಾವು. ಕಾಕಾನ ಗೆಳೆಯನೊಬ್ಬ ಐಸ್ ಫ್ಯಾಕ್ಟರಿ ಇಟ್ಟಿದ್ದ. ಐಸ್ ಗಡ್ಡೆ ಇಡುವ ಕೋಣೆಯಲ್ಲಿ ಹತ್ತು ನಿಮಿಷ ಕೂತರೆ ಕೆನಡಾ ಎಂಥದೆಂದು ತಿಳಿಯುತ್ತದೆ ಎಂದು, ಕಾಕಾ ದೇವದುರ್ಗದ ಕಂಬಳಿ ಹೊದ್ದು, ಹಣೆತುಂಬ ವಿಭೂತಿ ಹಚ್ಚಿಕೊಂಡು ಒಳಹೊಕ್ಕ. ಆ ಬಾಗಿಲು ಒಳಗಿನಿಂದ ತೆಗೆಯಲು ಬರುವುದಿಲ್ಲವೆಂದು ಹೇಳಲು ಗೆಳೆಯ ಮರೆತಿದ್ದ. ಮರೆತವನು ಚಹಾ ಕುಡಿಯಲೂ ಹೋಗಿದ್ದ. ಅರ್ಧ ತಾಸಿನ ಮೇಲೆ ಬಾಗಿಲು ತೆಗೆದಾಗ ಕಾಕಾ ಬಾಗಿಲ ಹತ್ತಿರವೇ ನಿಂತು ಶಿವನಾಮ ಹೇಳುತ್ತಿದ್ದನಂತೆ, ಆದರೆ ಹಲ್ಲಿಗೆ ಹಲ್ಲು ಬಡಿದು ಯಾವ ದೇವರ ಹೆಸರೆಂದು ತಿಳಿಯುವಂತಿರಲಿಲ್ಲ. ಎಂಟು ದಿನ ಶುಂಠಿ ಕಷಾಯ ಕುಡಿದು ಮಲಗಿದ. ನೋಡಲು ಬಂದವರಿಗೆಲ್ಲ ಕೆನಡಾಕ್ಕೆ ಹೋಗಿ ಬಂದವನ ಹಾಗೆ ಅಲ್ಲಿಯ ಕಷ್ಟಸುಖ ಹೇಳಿದ.

ಮೊದಲು ಎಡ್ಮಂಟನ್ನಿನ ಉತ್ತರ ಬಂತು. ಅಪ್ಪ ಪಡಸಾಲೆಯಲ್ಲಿ ಕೂತು ಎಲ್ಲರಿಗೂ ಕೇಳುವಂತೆ ಓದಿದ. ಅಲ್ಲಿ ನಲ್ಲಿ ತಿರುಗಿಸಿದರೆ ಬಿಸಿನೀರು, ಇನ್ನೊಂದು ತಿರುಗಿಸಿದರೆ ತಣ್ಣೀರು. ಹಿಟ್ಟು, ಬೇಳೆ, ಹೂವು ಎಲ್ಲ ಸಿಗುತ್ತದೆ. ಬಗಲ ಮನೆಯವರು ದೇವರಂಥವರು. ಚಳಿ ನಮ್ಮ ಕಡೆಯ ಡಿಸೆಂಬರಿನಷ್ಟು, ಒಂದು ಶಾಲಿದ್ದರೆ ಸಾಕು. ಅಜ್ಜಿ ಎತ್ತುಗಳನ್ನು ಮತ್ತೊಮ್ಮೆ ನೆನೆಸಿಕೊಂಡಳು.

ಮೂರು ದಿನ ಬಿಟ್ಟು ವಿನ್ನಿಪೆಗ್ಗಿನದು ಬಂತು. 'ತಮ್ಮ ಪತ್ರದ ಕಾರ್ಬನ್ ಪ್ರತಿ ತಲುಪಿತು' ಎಂದು ಶುರುವಾಗಿತ್ತು. ಅಪ್ಪ ಅಲ್ಲೇ ಒಮ್ಮೆ ಕೆಮ್ಮಿದ. ಮುಂದೆ ಬರೀ ಭಯವೇ. ಐದು ತಿಂಗಳು ಹಿಮ. ಕಿವಿ ಮುಚ್ಚದೆ ಹೊರಗೆ ಹೋದರೆ ಕಿವಿಯ ಆಸೆ ಬಿಡಬೇಕು. ಊರ ನದಿ ಕಲ್ಲಿನಂತೆ ಗಟ್ಟಿಯಾಗುತ್ತದೆ, ಜನ ಅದರ ಮೇಲೆ ನಡೆದಾಡುತ್ತಾರೆ. ಮಧ್ಯಾಹ್ನ ಕಳೆಯುತ್ತಲೇ ಕತ್ತಲು. ಜೋಳದ ಹಿಟ್ಟು ಕನಸಿನ ಮಾತು. ಬಗಲ ಮನೆಯವರು ಯಾರೆಂದು ಎರಡು ವರ್ಷವಾದರೂ ಗೊತ್ತಿಲ್ಲ. ಕನ್ನಡ ಮಾತಾಡಬೇಕೆನಿಸಿದಾಗ ಕನ್ನಡಿಯ ಮುಂದೆ ನಿಲ್ಲಬೇಕು. ಅಷ್ಟು ಓದಿ ಅಪ್ಪ ಪತ್ರವನ್ನು ಮಡಚಿಟ್ಟ. ಐಸ್ ಫ್ಯಾಕ್ಟರಿ ಇದರ ಮುಂದೆ ಏನೂ ಅಲ್ಲ ಎಂದು ಕಾಕಾ ಒಪ್ಪಿಕೊಂಡ. ಸೋಮವಾರ ಒಳ್ಳೆಯ ದಿನ, ಅವತ್ತೇ ದೇವದುರ್ಗಕ್ಕೆ ಒಪ್ಪಿಗೆ ಕಳಿಸುವುದೆಂದಾಯಿತು.

ಪತ್ರಗಳನ್ನು ಕಪಾಟಿನಲ್ಲಿ ಇಡುವ ಕೆಲಸ ನನ್ನದು. ಇಡುವಾಗ ವಿನ್ನಿಪೆಗ್ಗಿನ ಪತ್ರದಲ್ಲಿ ಅಪ್ಪ ಓದದೆ ಬಿಟ್ಟ ಎರಡು ಸಾಲು ಕಂಡವು: 'ಈ ಪತ್ರವನ್ನು ತಮ್ಮ ಮಗಳಿಗೆ ಓದಲು ಕೊಡಿರಿ. ಅವರನ್ನು ಕೇಳದೆ ಏನನ್ನೂ ನಿಶ್ಚಯಿಸಬೇಡಿರಿ.' ನಾನು ಕಪಾಟಿನ ಬಾಗಿಲ ಮರೆಯಲ್ಲಿ ನಿಂತು ಅದನ್ನು ನಾಲ್ಕು ಸಲ ಓದಿದೆ. ಕೂದಲು ಉದುರುವುದಾದರೆ ಉದುರಲಿ ಎಂದುಕೊಂಡೆ.

ಮರುದಿನ ಗೆಳತಿಯ ಕಾರ್ಡಿನ ಮೇಲೆ ಕಾಲೇಜು ಲೈಬ್ರರಿಯಿಂದ ದೊಡ್ಡ ಅಟ್ಲಾಸ್ ತಂದೆ. ಜನವರಿ ತಿಂಗಳ ಹವೆಯ ನಕಾಶೆಯಲ್ಲಿ ಎರಡೂ ಊರಿಗೆ ಕಡುಚಳಿಯ ಒಂದೇ ಕಡುನೀಲಿ ಬಣ್ಣ ಬಳಿದಿದ್ದರು. ಎಡ್ಮಂಟನ್ ಇನ್ನೂ ಒಂದು ಬೆರಳು ಉತ್ತರಕ್ಕಿತ್ತು. ಸೋಮವಾರ ಬೆಳಿಗ್ಗೆ ಪೂಜೆ ಮುಗಿದು ಅಪ್ಪ ದೇವದುರ್ಗಕ್ಕೆ ಬರೆಯಲು ಕೂತಾಗ, ಆ ಅಟ್ಲಾಸನ್ನು ಅವನ ಹಾಳೆಯ ಮೇಲೆಯೇ ತೆರೆದಿಟ್ಟೆ.

"ಯಪ್ಪಾ, ಎಡ್ಮಂಟನ್ ಸುಳ್ಳು ಬರದಾನ," ಎಂದೆ.

ಅಪ್ಪ ಕನ್ನಡಕ ಹಾಕಿಕೊಂಡು ನಕಾಶೆ ನೋಡಿದ, ತೆಗೆದು ನನ್ನನ್ನು ನೋಡಿದ. ಕಾಕಾ ಸುಮ್ಮನಿರುವವನಲ್ಲ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂದು ಹಿರಿಯರೇ ಹೇಳಿದ್ದಾರೆ, ಇವನು ಹೇಳಿದ್ದು ಬರೀ ಒಂದು, ಅದೂ ಹವಾಮಾನದ್ದು ಎಂದು ವಾದಿಸಿದ. ಅಪ್ಪ ಪೆನ್ನು ಮತ್ತೆ ಕೈಗೆತ್ತಿಕೊಂಡ. ನನ್ನ ಕಥೆ ಮುಗಿಯಿತೆಂದುಕೊಂಡೆ. ಆಗ ಮೂಲೆಯಲ್ಲಿ ಕೂತು ವಿಭೂತಿ ಗಟ್ಟಿ ಒರೆಸಿಡುತ್ತಿದ್ದ ಅಜ್ಜಿ ಬಾಯಿ ತೆಗೆದಳು.

"ನನ್ನ ಮದಿವ್ಯಾಗೂ ಒಂದಽ ಸುಳ್ಳು ಹೇಳಿದ್ರು. ಹಿತ್ತಲದಾಗ ಬಾವಿ ಅದ ಅಂದಿದ್ರು. ಬಾವಿ ಇತ್ತು, ನೀರಿದ್ದಿಲ್ಲ. ಒಂಬತ್ತು ವರ್ಷ ಕೆರಿಯಿಂದ ಕೊಡ ಹೊತ್ತೀನಿ."

ಯಾರೂ ಈ ಮಾತನ್ನು ಮೊದಲು ಕೇಳಿರಲಿಲ್ಲ. ಅಪ್ಪನಿಗೂ ಗೊತ್ತಿರಲಿಲ್ಲ. ಮನೆ ನೋಡಲು ಹೋದಲ್ಲೆಲ್ಲ ಅವಳು ಮೊದಲು ನೀರನ್ನೇ ಏಕೆ ಕೇಳುತ್ತಿದ್ದಳೆಂದು ಅವತ್ತು ನಮಗೆ ತಿಳಿಯಿತು. ಅಪ್ಪ ಬರೆಯುತ್ತಿದ್ದ ಹಾಳೆಯನ್ನು ಹರಿದು, ಮಾನ್ವಿಯ ವಿಳಾಸ ಎಲ್ಲಿದೆ ಎಂದು ಅವ್ವನನ್ನು ಕೇಳಿದ. ನನ್ನನ್ನು ಆಗಲೂ ಕೇಳಲಿಲ್ಲ. ಆದರೂ ಗೆದ್ದವಳು ನಾನೇ ಎಂಬ ಹೆಮ್ಮೆಯಲ್ಲಿ ನಾನು ಮದುವೆಯವರೆಗೂ ತೇಲಾಡಿದೆ.

ಮದುವೆ ಬೇಸಿಗೆಯಲ್ಲಿ ಆಯಿತು. ನಮ್ಮವರು ಒಂದು ತಿಂಗಳ ರಜೆ ಹಾಕಿ ವಿನ್ನಿಪೆಗ್ಗಿನಿಂದ ಬಂದಿದ್ದರು. ಕೂದಲು ಫೋಟೋದಲ್ಲಿದ್ದಷ್ಟೂ ಇರಲಿಲ್ಲ. ಐದನೆಯ ದಿನ ಸಂಜೆ ಚೀಕಲಪರ್ವಿಯ ಹೊಲ ತೋರಿಸಲು ಕರೆದೊಯ್ದರು. ತುಂಗಭದ್ರೆ ಸಣಕಲಾಗಿ ಉಸುಕಿನ ನಡುವೆ ಎಲ್ಲೋ ಹರಿಯುತ್ತಿದ್ದಳು. ಅವರು ಬದುವಿನ ಮೇಲೆ ನಡೆಯುವ ರೀತಿ, ಬಗ್ಗಿ ಮಣ್ಣು ಮುಟ್ಟಿ ನೋಡುವ ರೀತಿ ಕಂಡು, ಈ ಮನುಷ್ಯ ಲ್ಯಾಬಿನಲ್ಲಿ ಹೇಗೆ ಕೂತಿರುತ್ತಾನೋ ಎಂದು ನನಗೆ ಆಶ್ಚರ್ಯವಾಯಿತು. ಪಂಪಿನ ಕೋಣೆಯ ಕಟ್ಟೆಯ ಮೇಲೆ ಕೂತಾಗ ಅವರೇ ಮಾತು ತೆಗೆದರು.

"ಅಷ್ಟು ಹೆದರಿಸಿ ಬರದಿದ್ದೆ. ಆದ್ರೂ ನೀ ಹೆಂಗ ಒಪ್ಪಿದಿ?"

ಈ ಮಾತಿಗೆ ನಾನು ಎಷ್ಟೋ ದಿನದಿಂದ ಉತ್ತರ ಸಿದ್ಧ ಮಾಡಿಟ್ಟಿದ್ದೆ. "ಅದಕ್ಕೇ ಒಪ್ಪೀನ್ರಿ. ಖರೇ ಬರದವರು ನೀವೊಬ್ರೇ. ನನ್ನ ಕೇಳ್ರಿ ಅಂದವರೂ ನೀವೊಬ್ರೇ," ಎಂದೆ.

ಅವರ ಮುಖ ಅರಳಲಿಲ್ಲ.

"ನೀ ಒಲ್ಲೆ ಅನ್ಲಿ ಅಂತ ಬರದಿದ್ದೆ," ಎಂದರು. "ಕೇಳಿದ್ರ ಯಾವ ಹುಡುಗಿ ಹೂಂ ಅಂತಾಳ ಅಂದ್ಕೊಂಡಿದ್ದೆ."

ಆಮೇಲೆ ಎಲ್ಲ ಹೊರಬಿತ್ತು. ಆ ಊರು ಅವರಿಗೆ ಸಾಕಾಗಿ ಹೋಗಿತ್ತು. ಊರಿಗೆ ಬಂದುಬಿಡುತ್ತೇನೆಂದರೆ ಅವರಪ್ಪ ಒಪ್ಪುತ್ತಿರಲಿಲ್ಲ, ಮದುವೆ ಮಾಡಿದರೆ ಸರಿಹೋಗುತ್ತದೆ ಎನ್ನುತ್ತಿದ್ದರು. ನಾಲ್ಕು ಹೆಣ್ಣುಗಳು ಬೇಡವೆಂದರೆ, ಆ ಊರಿಗೆ ಯಾರೂ ಹೆಣ್ಣು ಕೊಡುವುದಿಲ್ಲ ಎಂದು ಹೇಳಿ ಬಂದು ಈ ಹೊಲ ನೋಡಿಕೊಂಡಿರುವುದು ಅವರ ಉಪಾಯ. ಕಾರ್ಬನ್ ಪ್ರತಿ ಕಂಡಾಗ ಖುಷಿಪಟ್ಟಿದ್ದರಂತೆ, ಅಸಲು ಬೇರೆ ಎಲ್ಲೋ ಹೋಗಿದೆ, ತಾನು ಪಾರಾದೆ ಎಂದು. ಅಷ್ಟರಲ್ಲಿ ನಾನು ಅಟ್ಲಾಸ್ ಹಿಡಿದು ಎದ್ದು ನಿಂತಿದ್ದೆ.

ನನಗೆ ಅವಮಾನವಾಯಿತು. ತಪ್ಪಿಸಿಕೊಳ್ಳಲು ನೋಡುತ್ತಿದ್ದ ಮನುಷ್ಯನಿಗಾಗಿ ನಾನು ಮನೆಯವರೆಲ್ಲರ ಎದುರು ನಿಂತು ಜಗಳಾಡಿದ್ದೆ. ಅಳಬೇಕೆಂದು ತಲೆ ತಗ್ಗಿಸಿದರೆ ನಗು ಬಂತು. ತಡೆಯಲಾಗಲಿಲ್ಲ. ಅವರು ಗಾಬರಿಯಾಗಿ ಕಟ್ಟೆಯಿಂದ ಇಳಿದು ನನ್ನ ಎದುರಿಗೆ ಕೂತರು. ಅಪ್ಪನಿಲ್ಲ, ಅಜ್ಜಿಯಿಲ್ಲ, ಕಾಕಾ ಇಲ್ಲ, ಹೊಲದಲ್ಲಿ ನಾವಿಬ್ಬರೇ.

"ಈಗ ನೀನೇ ಹೇಳು," ಎಂದರು. "ಹೋಗೂಣೋ, ಇಲ್ಲೇ ಇರೂಣೋ?"

ಯಾರಾದರೂ ಕೇಳಲಿ ಎಂದು ತಿಂಗಳುಗಟ್ಟಲೆ ಒದ್ದಾಡಿದ ನನಗೆ, ನಿಜವಾಗಿ ಕೇಳಿದಾಗ ಏನು ಹೇಳಬೇಕೆಂದು ತಿಳಿಯಲಿಲ್ಲ. ಹೋಗಲು ಭಯವಿತ್ತು, ಹೋಗದಿರಲು ಮನಸ್ಸಿರಲಿಲ್ಲ. ಅವರದು ತಿರುಗುಮುರುಗು, ಹೋಗಲು ಮನಸ್ಸಿರಲಿಲ್ಲ, ಅಪ್ಪನ ಮಾತು ಮೀರಿ ಇಲ್ಲೇ ಇರಲು ಭಯವಿತ್ತು. ಹೊತ್ತು ಮುಳುಗುವವರೆಗೆ ಯೋಚನೆ ಮಾಡಿದೆ. ಅವರು ಅವಸರ ಮಾಡಲಿಲ್ಲ.

"ಎರಡು ಚಳಿಗಾಲ ನೋಡೂಣ್ರಿ," ಎಂದೆ ಕೊನೆಗೆ. "ಆಮ್ಯಾಲ ನೀವು ನನ್ನ ಕೇಳ್ರಿ, ನಾ ನಿಮ್ಮನ್ನ ಕೇಳ್ತೀನಿ."