ಅಮ್ಮನ ಸೀರೆಯುಟ್ಟ ಬೊಂಬೆ

ಬೊಂಬೆಗಳ ಹುಚ್ಚು ನನಗೆ ಹತ್ತಿದ್ದು ನಲವತ್ತು ದಾಟಿದ ಮೇಲೆ. ಮಕ್ಕಳು ಆಡುವ ಬೊಂಬೆಗಳಲ್ಲ, ದೊಡ್ಡವರು ಕೂಡಿಟ್ಟುಕೊಳ್ಳಲೆಂದೇ ತಯಾರಾಗುವ ಫ್ಯಾಷನ್ ಬೊಂಬೆಗಳು. ಮೊಣಕೈಯಿಂದ ಬೆರಳ ತುದಿಯವರೆಗಿನಷ್ಟು ಎತ್ತರ, ಬಾಗುವ ಮಣಿಕಟ್ಟು, ಬಾಚಿ ಜಡೆ ಹಾಕಬಹುದಾದ ಕೂದಲು. ಒಂದು ನಮೂನೆಯಲ್ಲಿ ಕೆಲವು ನೂರು ಮಾಡಿ ನಿಲ್ಲಿಸಿಬಿಡುತ್ತಾರೆ. ತಪ್ಪಿಸಿಕೊಂಡರೆ ಮತ್ತೆ ಸಿಗುವುದು ಕಷ್ಟ. ಅಮೆರಿಕದ ಎಡಿಸನ್ ಊರಿನ ನಮ್ಮ ಮನೆಯ ಗೆಸ್ಟ್ ರೂಮಿನ ಒಂದು ಗೋಡೆಗೆ ಗಾಜಿನ ಕಪಾಟು ಬಂತು, ಆಮೇಲೆ ಎದುರು ಗೋಡೆಗೂ ಬಂತು. "ಇನ್ನು ಯಾರಾದರೂ ಬಂದರೆ ನಿಂತುಕೊಂಡೇ ನಿದ್ದೆ ಮಾಡಬೇಕು" ಅಂತ ನನ್ನ ಗಂಡ ನಗುತ್ತಿದ್ದರು. ಅದಕ್ಕಿಂತ ಹೆಚ್ಚು ಏನೂ ಅನ್ನಲಿಲ್ಲ. ಹಾಗೆಯೇ ಒಂದು ದಿನ ಕೂತು ನೋಡಿದ್ದೂ ಇಲ್ಲ.

ಕೂತು ನೋಡಿದವಳು ನನ್ನ ಗೆಳತಿ. ಧಾರವಾಡದವಳು, ಹತ್ತಿರದ ಓಲ್ಡ್ ಬ್ರಿಡ್ಜ್ ಊರಿನಲ್ಲಿ ಮನೆ. ಒಂದು ದಸರೆಯಲ್ಲಿ ಯಾರದೋ ಜೊತೆ ನಮ್ಮ ಮನೆಗೆ ಅರಿಶಿನ ಕುಂಕುಮಕ್ಕೆ ಬಂದಿದ್ದಳು. ಪಟ್ಟದ ಬೊಂಬೆಗಳ ಕೆಳಗಿನ ಮೆಟ್ಟಿಲಲ್ಲಿ ನಾನು ಹಸಿರು ಕೋಟಿನ ಒಂದು ಫ್ಯಾಷನ್ ಬೊಂಬೆಯನ್ನೂ ನಿಲ್ಲಿಸಿದ್ದೆ. ಬಂದ ಆಂಟಿಯರೆಲ್ಲ ಯಾವುದೋ ಮಗುವಿನದು ಅಂದುಕೊಂಡು ಮುಂದೆ ಹೋದರು. ಅವಳು ಮಾತ್ರ ಕಡಲೆ ಉಸಲಿಯ ಬಟ್ಟಲು ಕೈಯಲ್ಲಿಟ್ಟುಕೊಂಡೇ ಬಗ್ಗಿ ನೋಡಿದಳು.

"ಇದರ ಜೋಡಿ ಕೆಂಪು ಕೋಟಿಂದು ನನ್ನ ಹತ್ರ ಐತಿ."

ಅಲ್ಲಿಂದ ಶುರುವಾದ ಸ್ನೇಹ. ಪಿಸ್ಕಾಟವೇ ಊರಿನ ಕಡೆಯ ಒಂದು ಲೈಬ್ರರಿಯ ಹಿಂದಿನ ಕೋಣೆಯಲ್ಲಿ ಬೊಂಬೆ ಸಂಗ್ರಹಕಾರರ ಸಣ್ಣ ಕ್ಲಬ್ಬೊಂದು ತಿಂಗಳಿಗೊಮ್ಮೆ ಸೇರುತ್ತಿತ್ತು. ಬರುವವರೆಲ್ಲ ಹೆಚ್ಚುಕಮ್ಮಿ ರಿಟೈರ್ ಆದ ಅಮೆರಿಕನ್ ಹೆಂಗಸರು. ನಾವಿಬ್ಬರೇ ಇಂಡಿಯಾದವರು, ಹಾಗಾಗಿ ಅವಳನ್ನು ನನ್ನ ಹೆಸರಿನಿಂದ, ನನ್ನನ್ನು ಅವಳ ಹೆಸರಿನಿಂದ ಕರೆಯುವುದು ಅಲ್ಲಿ ಮಾಮೂಲು. ನಾವು ಒಂದೇ ಕಾರಿನಲ್ಲಿ ಹೋಗುತ್ತಿದ್ದೆವು. ದಾರಿಯುದ್ದಕ್ಕೂ ಮಾತು. ಬೊಂಬೆಗಳಿಂದ ಶುರುವಾಗಿ ಗಂಡ, ಅತ್ತೆ, ಆಫೀಸು, ಕೊನೆಗೆ ಅಮ್ಮಂದಿರು. ಅವಳ ಅಮ್ಮ ಒಂದು ಬೇಸಿಗೆ ಇಲ್ಲಿಗೆ ಬಂದಿದ್ದಾಗ ನಮ್ಮ ಮನೆಗೂ ಬಂದು, ಕಪಾಟಿನ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಊರಿಗೆ ಹಿಂತಿರುಗಿದ ಮೇಲೂ ಆಗಾಗ ನನಗೆ ವೀಡಿಯೋ ಕಾಲ್ ಮಾಡುತ್ತಿದ್ದರು.

ಡಿಸೆಂಬರಿನಲ್ಲಿ ಕ್ಲಬ್ಬಿನ ವರ್ಷದ ಅಚ್ಚುಮೆಚ್ಚಿನ ಬೊಂಬೆಯ ಆಯ್ಕೆ. ಆ ವರ್ಷ ಕೊಂಡದ್ದರಲ್ಲಿ ತನಗೆ ತುಂಬ ಇಷ್ಟವಾದ ಒಂದನ್ನು ಪ್ರತಿಯೊಬ್ಬರೂ ತಂದು, ಎದ್ದು ನಿಂತು ಅದರ ಬಗ್ಗೆ ನಾಲ್ಕು ಮಾತು ಹೇಳಬೇಕು. ಆಮೇಲೆ ಚೀಟಿಯಲ್ಲಿ ಬರೆದು ಮತ ಹಾಕುತ್ತಾರೆ. ಗೆದ್ದ ಬೊಂಬೆಗೆ ಒಂದು ನೀಲಿ ರಿಬ್ಬನ್, ಅಷ್ಟೇ. ಆದರೂ ಅಕ್ಟೋಬರ್ ಬಂತೆಂದರೆ ನಮ್ಮಿಬ್ಬರ ತಲೆಯಲ್ಲಿ ಅದೇ.

ನನ್ನ ಅಮ್ಮ ತೀರಿಕೊಂಡ ವರ್ಷ, ನಾನು ತುಂಬ ದಿನದಿಂದ ಬಯಸಿದ್ದ ಒಂದು ಬೊಂಬೆ ಬಂತು. ಕಪ್ಪು ಮೈಬಣ್ಣ, ಅಗಲ ಹಣೆ, ಸ್ವಲ್ಪ ಬಿಗಿದ ತುಟಿ. ಪೆಟ್ಟಿಗೆ ತೆಗೆದಾಗ ನನಗೆ ಅಮ್ಮನೇ ಕಂಡಂತಾಯಿತು. ಬೊಂಬೆ ತೊಟ್ಟು ಬಂದಿದ್ದ ಬೆಳ್ಳಿ ಬಣ್ಣದ ಗೌನನ್ನು ಬಿಚ್ಚಿಟ್ಟೆ. ಮೈಸೂರಿನಿಂದ ನಾನು ತಂದಿದ್ದು ಅಮ್ಮನ ಒಂದೇ ಸೀರೆ, ನೇರಳೆ ಬಣ್ಣದ ಮೈಸೂರು ಸಿಲ್ಕು, ಕಡ್ಡಿಯಷ್ಟು ಸಣ್ಣ ಜರಿ ಅಂಚು. ಅಮ್ಮ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದಳು. ಹೊಸತರಲ್ಲೇ ಆ ಸೀರೆಯ ಸೆರಗಿಗೆ ಊದುಬತ್ತಿ ತಾಗಿ ತೂತು ಬಿದ್ದಿತ್ತು. ಅದರ ಮೇಲೆ ಅವಳೇ ಹಳದಿ ದಾರದಲ್ಲಿ ಪುಟ್ಟ ಮಾವಿನಕಾಯಿಯೊಂದನ್ನು ಕಸೂತಿ ಹಾಕಿದಳು. ಆಫೀಸಿನವರು ಇದು ಯಾವ ಡಿಸೈನು ಅಂತ ಕೇಳಿದಾಗ, "ಒಂದೇ ಪೀಸು ಬಂದಿತ್ತು, ನಾನು ತಗೊಂಡ್ಬಿಟ್ಟೆ" ಅಂದಳಂತೆ. ಮನೆಗೆ ಬಂದು ಅದನ್ನು ಹೇಳಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದಳು.

ಆ ಸೀರೆಗೆ ಕತ್ತರಿ ಹಾಕಲು ನನಗೆ ವಾರಗಳೇ ಹಿಡಿದವು. ಗೆಳತಿ ಪಕ್ಕದಲ್ಲಿ ಕೂತಿದ್ದಳು. ಕೂದಲಿನ ಕೆಲಸದಲ್ಲಿ ಅವಳ ಕೈ ಚೆನ್ನಾಗಿತ್ತು. ನಾನು ನೆರಿಗೆ ಹಿಡಿದು ಹೊಲಿಯುತ್ತಿದ್ದರೆ ಅವಳು ಬೊಂಬೆಯ ಕೂದಲನ್ನು ಅಮ್ಮನ ಫೋಟೋ ನೋಡಿಕೊಂಡು ತುರುಬು ಕಟ್ಟಿದಳು. ಸೆರಗಿನಲ್ಲಿ ಆ ಮಾವಿನಕಾಯಿ ಎದುರಿಗೇ ಕಾಣುವಂತೆ ಮಾಡಿದೆ. ಮುಗಿದಾಗ ಬೊಂಬೆಯನ್ನು ಅಮ್ಮನ ಫೋಟೋ ಪಕ್ಕದಲ್ಲಿ ನಿಲ್ಲಿಸಿ ನೋಡಿದೆವು.

ಡಿಸೆಂಬರಿನ ಸಭೆಯ ದಿನವೇ ನಮ್ಮ ಆಫೀಸಿನಲ್ಲಿ ಹೊಸ ಸಾಫ್ಟ್‌ವೇರಿನ ರಿಲೀಸು. ಲ್ಯಾಪ್‌ಟಾಪ್ ಬಿಟ್ಟು ಏಳುವ ಹಾಗಿರಲಿಲ್ಲ. "ನನ್ನ ಪರವಾಗಿ ನೀನೇ ತೋರಿಸು, ಅಮ್ಮನ ವಿಷಯ ಎಲ್ಲ ನಿನಗೆ ಗೊತ್ತಲ್ಲ" ಅಂತ ಬೊಂಬೆಯನ್ನು ಅವಳ ಕೈಗೆ ಕೊಟ್ಟೆ. ಎರಡು ದಿನ ಬಿಟ್ಟು ತಂದುಕೊಟ್ಟಳು.

"ಯಾರದೋ ಮತ್ಸ್ಯಕನ್ಯೆ ಬೊಂಬಿ ಗೆದ್ದೈತಿ. ಮಂದಿಗೆ ಸೀರಿ ಏನ್ ತಿಳಿತೈತಿ, ಬಿಡು" ಅಂದಳು.

ನನಗೆ ಬೇಸರವೇನೂ ಆಗಲಿಲ್ಲ. ಬೊಂಬೆಯನ್ನು ಕಪಾಟಿನಲ್ಲಿಟ್ಟೆ.

ಜನವರಿಯ ಸಭೆಯ ಬೆಳಿಗ್ಗೆ ಫೋನು ಮಾಡಿದಳು. "ಸ್ನೋ ಬರ್ತೈತಂತ. ಇವತ್ತು ಬ್ಯಾಡ." ಹೊರಗೆ ಹಿಟ್ಟು ಉದುರಿಸಿದಷ್ಟು ಬಿದ್ದಿತ್ತು, ರಸ್ತೆಗೆ ಹಿಮ ಕರಗಿಸುವ ಉಪ್ಪೂ ಹಾಕಿಯಾಗಿತ್ತು. ಅವಳಿಗೆ ಹುಷಾರಿಲ್ಲವೇನೋ ಅಂದುಕೊಂಡು ನಾನೊಬ್ಬಳೇ ಡ್ರೈವ್ ಮಾಡಿಕೊಂಡು ಹೋದೆ.

ಕ್ಲಬ್ಬನ್ನು ನಡೆಸುವ ಹಿರಿಯಾಕೆ ನನಗೆ ಕಾಫಿ ಕೊಡುತ್ತ ತೋಳು ಮುಟ್ಟಿ ಕೇಳಿದರು, "ನಿನ್ನ ಗೆಳತಿ ಹೇಗಿದ್ದಾಳೆ? ಅವಳ ತಾಯಿಯ ಸೀರೆ ನೋಡಿ ನಾವೆಲ್ಲ ಅತ್ತುಬಿಟ್ಟೆವು."

ಎಂದಿನಂತೆ ನಮ್ಮಿಬ್ಬರನ್ನು ಅದಲುಬದಲು ಮಾಡಿಕೊಂಡಿದ್ದಾರೆ ಅಂದುಕೊಂಡೆ. "ಅದು ನನ್ನದು" ಅಂದೆ, ನಗುತ್ತಲೇ.

ಅವರು ಗೊಂದಲದಿಂದ ನನ್ನನ್ನು ನೋಡಿ, ಫೋನು ತೆಗೆದು ಫೋಟೋ ತೋರಿಸಿದರು. ನನ್ನ ಗೆಳತಿ ಬೊಂಬೆಯನ್ನು ಎದೆಗೆ ಹಿಡಿದು ನಿಂತಿದ್ದಾಳೆ. ಬೊಂಬೆಯ ಸೊಂಟಕ್ಕೆ ನೀಲಿ ರಿಬ್ಬನ್. ಅವಳ ಕೆನ್ನೆ ಒದ್ದೆಯಾಗಿದೆ.

"ಈಗಷ್ಟೇ ತಾಯಿಯನ್ನು ಕಳೆದುಕೊಂಡಿದ್ದಾಳಂತೆ. ಫೋನ್ ಎಕ್ಸ್‌ಚೇಂಜಿನಲ್ಲಿದ್ದರಂತಲ್ಲ? ಒಂದೇ ಪೀಸು ಬಂದಿತ್ತು ಅಂದಿದ್ದರಂತೆ. ಎಂಥ ಹೆಂಗಸು. ನೀನು ಅವರನ್ನು ನೋಡಿದ್ದೆಯಾ?"

ಕಾಫಿಯ ಲೋಟವನ್ನು ಮೇಜಿನ ಮೇಲಿಟ್ಟೆ. ಏನು ಹೇಳಿದೆನೋ ನೆನಪಿಲ್ಲ, ಹೂಂ ಅಂದಿರಬೇಕು. ಕೋಟು ಹಾಕಿಕೊಂಡು ಹೊರಗೆ ಬಂದು ನೇರ ಓಲ್ಡ್ ಬ್ರಿಡ್ಜಿನ ದಾರಿ ಹಿಡಿದೆ.

ಅವಳು ಅಡುಗೆಮನೆಯಲ್ಲಿ ರೊಟ್ಟಿ ತಟ್ಟುತ್ತಿದ್ದಳು. ನನ್ನನ್ನು ನೋಡಿದ ಕೂಡಲೇ ಒಲೆ ಆರಿಸಿದಳು.

"ನಿಮ್ಮಮ್ಮ ಯಾವಾಗ ಹೋದರು?" ಅಂತ ಕೇಳಿದೆ.

"ಕುಂದ್ರು ಮೊದಲ."

"ಕೂರಲ್ಲ. ಹೇಳು."

ಹಿಟ್ಟಿನ ಕೈಯನ್ನು ನೋಡಿಕೊಳ್ಳುತ್ತ ಹೇಳಿದಳು, "ನಿಂದಂತ ಹೇಳಾಕನ ಎದ್ದು ನಿಂತಿದ್ದೆ. ಎಲ್ಲಾರೂ ನನ್ನ ಮುಖಾನ ನೋಡಾಕತ್ತಿದ್ರು. 'ಮೈ ಮದರ್' ಅಂತ ಬಾಯಿಗೆ ಬಂದುಬಿಡ್ತು. ಒಂದ್ಸಲ ಅಂದ ಮ್ಯಾಲೆ ಹೆಂಗ ಹಿಂದ ತಗೊಳ್ಳಲಿ? ಅಷ್ಟು ಮಂದಿ ನನ್ನ ಮಾತು ಹಂಗ ಕೇಳಿದ್ದು ಈ ದೇಶಕ್ಕ ಬಂದ ಮ್ಯಾಲೆ ಅದ ಮೊದಲು."

"ಫೋಟೋ ನೋಡಿದೆ. ಅತ್ತಿದ್ದೀಯಲ್ಲ."

"ಅತ್ತಿದ್ದು ಖರೇನ."

"ಯಾರಿಗಾಗಿ?"

ಅವಳು ಡ್ರಾಯರಿನಿಂದ ರಿಬ್ಬನ್ ತೆಗೆದು ನನ್ನ ಕಡೆ ಚಾಚಿದಳು. ನಾನು ತೆಗೆದುಕೊಳ್ಳಲಿಲ್ಲ. ಆಗ ಅವಳ ದನಿ ಬದಲಾಯಿತು.

"ನಿನ್ನ ಬೊಂಬಿ ನಿನಗ ಕೊಟ್ಟೀನಿ. ಸೀರಿನೂ ನಿನ್ನ ಹತ್ರ ಐತಿ. ನಿಂದೇನ್ ಹೋತು ಇದರಾಗ?"

ಬೇರೆ ಏನಂದಿದ್ದರೂ ಒಂದು ದಿನ ಮತ್ತೆ ಮಾತಾಡುತ್ತಿದ್ದೆನೇನೋ. ಬಾಗಿಲು ತೆಗೆದುಕೊಂಡು ಬಂದುಬಿಟ್ಟೆ. ಬೊಂಬೆಯನ್ನು ಕದ್ದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಅವಳು ಕೆಲವು ದಿನ ಫೋನು ಮಾಡಿದಳು, ಮೆಸೇಜು ಹಾಕಿದಳು, ಆಮೇಲೆ ನಿಲ್ಲಿಸಿದಳು. ಕ್ಲಬ್ಬಿಗೂ ಬರಲಿಲ್ಲ. ಯುಗಾದಿಯ ಹೊತ್ತಿಗೆ ಧಾರವಾಡದಿಂದ ಅವಳ ಅಮ್ಮನ ಕಾಲ್ ಬಂತು. ಹಿಂದೆ ಟಿವಿ ನಡೆಯುತ್ತಿತ್ತು, ಕನ್ನಡಕ ಹಣೆಗೇರಿಸಿ ಕೂತಿದ್ದರು.

"ಯಾಕವ್ವಾ, ನೀವಿಬ್ಬರೂ ಮಾತು ಬಿಟ್ಟೀರಂತ? ಆಕೀನ ಕೇಳಿದ್ರ ಏನೂ ಹೇಳವಲ್ಲಳು. ನೀನರ ಹೇಳು, ಏನ್ ಆತು?"

ಆ ಮುಖ ನೋಡಿಕೊಂಡು ನಾನು ಏನು ಹೇಳಲಿ? ಅವರ ಮಗಳು ಒಂದು ಕೋಣೆಯ ಜನರ ಮುಂದೆ ಅವರನ್ನು ಸಾಯಿಸಿ ಅತ್ತಿದ್ದಾಳೆ ಅಂತಲೇ? "ಕೆಲಸ ಜಾಸ್ತಿ ಅಮ್ಮ, ಅಷ್ಟೇ" ಅಂದೆ.

"ಜಗಳ ಬೆಳಸಬ್ಯಾಡ್ರಿ. ಪರದೇಶದಾಗ ಒಬ್ಬರಿಗೊಬ್ಬರು ಇರ್ಬೇಕು" ಅಂದರು. ನಾನು ತಲೆಯಾಡಿಸಿದೆ. ಅವಳು ಹೇಳಿದ ಸುಳ್ಳನ್ನು ಕಾಪಾಡುವ ಕೆಲಸವೂ ನನಗೇ ಬಂತಲ್ಲ ಅಂತ ಆ ದಿನವೆಲ್ಲ ಒಳಗೇ ಕುದಿಯಿತು.

ಮತ್ತೆ ಡಿಸೆಂಬರ್ ಬಂತು. ನಾನು ಬೊಂಬೆ ಒಯ್ಯದೆ ಬರಿಗೈಯಲ್ಲಿ ಸಭೆಗೆ ಹೋದೆ. ಹಿರಿಯಾಕೆ ಬಿಳಿ ಲಿಲ್ಲಿ ಹೂವಿನ ಚಿತ್ರವಿದ್ದ ಒಂದು ಸಂತಾಪದ ಕಾರ್ಡನ್ನೂ ಪೆನ್ನನ್ನೂ ನನ್ನ ಮುಂದಿಟ್ಟರು.

"ನಿನ್ನ ಗೆಳತಿಗೆ. ಪಾಪ, ತಾಯಿ ಹೋದ ದುಃಖದಿಂದ ಅವಳಿನ್ನೂ ಹೊರಗೆ ಬಂದಿಲ್ಲ ಅಂತ ಕಾಣುತ್ತೆ. ಎಲ್ಲರೂ ಸಹಿ ಮಾಡಿದ್ದೇವೆ."

ಕಾರ್ಡಿನೊಳಗೆ ಎಲ್ಲರ ಅಕ್ಷರಗಳಿದ್ದವು. ಪೆನ್ನಿನ ಮುಚ್ಚಳ ತೆಗೆದೆ, ಮತ್ತೆ ಮುಚ್ಚಿದೆ.

"ಅವಳ ತಾಯಿ ಚೆನ್ನಾಗಿದ್ದಾರೆ. ಹೋದ ವಾರವೂ ನನ್ನ ಹತ್ತಿರ ಮಾತಾಡಿದರು" ಅಂದೆ.

ಅವರು ಕಾರ್ಡನ್ನು ಮಡಿಸಿ ಬ್ಯಾಗಿಗೆ ಹಾಕಿಕೊಂಡರು. "ಹಾಗಾದರೆ ಆ ಸೀರೆ?"

"ನನ್ನ ಅಮ್ಮನದು."

ಅವರು ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಕೂತರು. "ಅವರ ಬಗ್ಗೆ ಹೇಳು" ಅಂದರು. ಒಳ್ಳೆಯ ಮನಸ್ಸಿನಿಂದಲೇ ಕೇಳಿದ್ದು, ಅದು ನನಗೆ ಗೊತ್ತಿತ್ತು. ಆದರೆ ಹೇಳಲು ಹೊರಟರೆ ಪ್ರತಿಯೊಂದೂ ಆ ಕೋಣೆಯಲ್ಲಿ ಆಗಲೇ ಹೇಳಿ ಮುಗಿಸಿದ ಮಾತು. ಅವರು ಆಗಲೇ ನಕ್ಕಿದ್ದರು, ಆಗಲೇ ಅತ್ತಿದ್ದರು. ಅಷ್ಟು ವರ್ಷ ಕಾರಿನಲ್ಲಿ ಕೂತು ಅವಳಿಗೆ ಹೇಳದೆ ಉಳಿಸಿದ್ದು ಏನಾದರೂ ಇದೆಯೇ ಅಂತ ಹುಡುಕಿದೆ. ಹುಡುಕಿದರೆ ಒಂದು ಸಣ್ಣ ವಿಷಯ ಸಿಕ್ಕಿತು. ಅದಾದರೂ ನನ್ನೊಬ್ಬಳಿಗೇ ಇರಲಿ ಅಂತ ಅವರಿಗೂ ಹೇಳಲಿಲ್ಲ.

"ತುಂಬ ಚೆನ್ನಾಗಿ ನಗ್ತಿದ್ದಳು" ಅಂದೆ, ಅಷ್ಟೇ. ಅಷ್ಟರಲ್ಲಿ ಯಾರೋ ಚೀಟಿಗಳನ್ನು ಹಂಚುತ್ತ ಬಂದರು. ಹಳೆಯ ಕಾಲದ ಟೈಪಿಸ್ಟಿನಂತೆ ಉಡುಪು ತೊಟ್ಟ ಒಂದು ಬೊಂಬೆಗೆ ಮತ ಹಾಕಿ ಮನೆಗೆ ಬಂದೆ.