ಗಣಪತಿಗೆ ಮುಂಚೆಯೋ, ಆಮೇಲೋ

ನನ್ನ ನಾದಿನಿಗೆ ಸನ್ಮಾನ ಮಾಡುತ್ತಾರೆಂದು ತಿಳಿದಾಗ ಎಲ್ಲರಿಗಿಂತ ಹೆಚ್ಚು ಕುಣಿದಾಡಬೇಕಾಗಿದ್ದವಳು ನಾನು. ನಾನು ಮದುವೆಯಾಗಿ ಡೊಂಬಿವಲಿಯ ಈ ಮನೆಗೆ ಬಂದಾಗ ಅವಳಿನ್ನೂ ಶಾಲೆಗೆ ಹೋಗುತ್ತಿದ್ದಳು. "ಬೆರಳು ಕೊಯ್ದರೆ ಕೂಗಿ ಊರು ಸೇರಿಸುವವಳು ಎಂತ ನರ್ಸ್ ಆಗುವುದು?" ಎಂದು ಅತ್ತೆ ಮೂಗು ಮುರಿದಾಗ ಅವಳ ಪರವಾಗಿ ಜಗಳಕ್ಕೆ ನಿಂತವಳು ನಾನು, ದಿನಾ ಅವಳ ಡಬ್ಬಿ ಕಟ್ಟಿದವಳೂ ನಾನೇ. ಈಗ ಅವಳು ನವಿ ಮುಂಬಯಿಯ ಒಂದು ಕ್ಯಾನ್ಸರ್ ಆಸ್ಪತ್ರೆಯಲ್ಲಿ ಹಿರಿಯ ನರ್ಸ್. ಅವಳು ಮಾಡಿದ ಸಂಶೋಧನೆಗೆ ದೊಡ್ಡ ಪ್ರಶಸ್ತಿ ಬಂದಿತ್ತು, ಅದಕ್ಕೇ ನಮ್ಮ ಕನ್ನಡ ಸಂಘದವರ ಸನ್ಮಾನ. ಆದರೆ ಸುದ್ದಿ ಕೇಳಿ ನನಗೆ ಅವಳೆದುರು ನಿಲ್ಲುವ ಹೆದರಿಕೆಯೇ ಹತ್ತಿತು. ನನ್ನ ಎಡ ಸ್ತನದಲ್ಲಿ ಒಂದು ಗಂಟಿತ್ತು, ಅದು ನನ್ನನ್ನು ಬಿಟ್ಟು ಇನ್ಯಾರಿಗೂ ಗೊತ್ತಿರಲಿಲ್ಲ.

ಅದು ಕೈಗೆ ಸಿಕ್ಕಿದ್ದು ಗಣಪತಿ ಹಬ್ಬದ ಹಿಂದಿನ ವಾರ. ಹಬ್ಬಕ್ಕೆ ಮುಂಚೆ ಒಮ್ಮೆ ಮೋದಕ ಮಾಡಿ ನೋಡೋಣವೆಂದು ಪಕ್ಕದ ಮನೆಯ ಮರಾಠಿ ಬಾಯಿ ಕರೆದಿದ್ದರು, ಬೇಗ ಹೋಗಬೇಕೆಂದು ಗಡಿಬಿಡಿಯಲ್ಲಿ ಸ್ನಾನ ಮಾಡುತ್ತಿದ್ದೆ. ಸೋಪಿನ ಜೊತೆ ಜಾರುತ್ತಿದ್ದ ಬೆರಳು ಒಂದು ಕಡೆ ನಿಂತಿತು. ಹುಣಸೆ ಬೀಜದಷ್ಟು. ಒತ್ತಿದರೆ ನೋವಿಲ್ಲ. ಅಬ್ಬ, ನೋವಿಲ್ಲವಲ್ಲ ಎಂದುಕೊಂಡೆ. ಮೈ ಒರೆಸಿಕೊಳ್ಳುವಾಗ ನಾದಿನಿಯ ಮಾತು ನೆನಪಾಯಿತು: "ನೋವಾಗದ ಗಂಟನ್ನೇ ಬೇಗ ತೋರಿಸಬೇಕು ಅತ್ತಿಗೆ." ಆ ದಿನ ನಾನು ಮಡಿಸಿದ ಮೋದಕಗಳೆಲ್ಲ ಆವಿಯಲ್ಲಿ ಬಾಯಿಬಿಟ್ಟವು.

ನಾನು ಹೆದರಿದ್ದಕ್ಕೆ ಕಾರಣವಿತ್ತು. ಉಡುಪಿಯಲ್ಲಿ ನನ್ನ ದೊಡ್ಡಮ್ಮ ಇದೇ ರೋಗದಿಂದ ಹೋದಳು. ಅವಳೂ ಹೇಳಿರಲಿಲ್ಲ. ಕೊನೆಗೆ ಅವಳ ಕೋಣೆಯಲ್ಲಿ ಎಷ್ಟು ಊದುಬತ್ತಿ ಹಚ್ಚಿದರೂ ಹುಣ್ಣಿನ ವಾಸನೆ ಹೋಗುತ್ತಿರಲಿಲ್ಲ. ಮಕ್ಕಳಾದ ನಮ್ಮನ್ನು ಬಾಗಿಲಲ್ಲೇ ತಡೆಯುತ್ತಿದ್ದರು. ಈಗಲೂ ಊದುಬತ್ತಿ ಹಚ್ಚಿದರೆ ನನಗೆ ದೇವರು ನೆನಪಾಗುವುದಿಲ್ಲ, ದೊಡ್ಡಮ್ಮ ನೆನಪಾಗುತ್ತಾಳೆ.

ಮನೆಯಲ್ಲೇ ಕ್ಯಾನ್ಸರ್ ನರ್ಸ್ ಇಟ್ಟುಕೊಂಡು ಯಾಕೆ ಬಾಯಿ ಮುಚ್ಚಿಕೊಂಡೆ ಎಂದು ಕೇಳುತ್ತೀರಿ. ಅವಳು ಇರುವುದರಿಂದಲೇ! ಬೇರೆ ಯಾರಾದರೂ ಮುಟ್ಟಿ ನೋಡಿ ಏನಾದರೂ ಹೇಳಿದರೆ, ಅವರಿಗೇನು ಗೊತ್ತು ಎನ್ನಬಹುದು. ಅವಳು ಮುಟ್ಟಿದರೆ ಮುಗಿಯಿತು. ಅವಳು ಮುಟ್ಟುವವರೆಗೆ ಅದು ಬರೀ ಗಂಟು. ಹಾಗಾಗಿ ಗಣಪತಿ ಕಳೆಯಲಿ ಎಂದೆ. ಗಣಪತಿ ಹೋಯಿತು. ನವರಾತ್ರಿ ಮುಗಿಯಲಿ ಎಂದೆ. ಆಮೇಲೆ ದೀಪಾವಳಿ. ಅವಳು ಘೋಡಬಂದರ್ ರಸ್ತೆಯ ತನ್ನ ಮನೆಯಿಂದ ದೀಪಾವಳಿಗೆ ಬಂದಾಗ, ದಿನವಿಡೀ ಅಡುಗೆಮನೆ ಬಿಟ್ಟು ಹೊರಗೆ ಬರಲಿಲ್ಲ ನಾನು. "ಎಂತ ಅತ್ತಿಗೆ, ನನ್ನ ಮೇಲೆ ಕೋಪವಾ?" ಎಂದು ಕೇಳಿದಳು. "ನಿನ್ನ ಮೇಲೆ ಕೋಪ ಮಾಡಲಿಕ್ಕೆ ನನಗೆಲ್ಲಿ ಪುರುಸೊತ್ತು ಮಾರಾಯ್ತಿ" ಎಂದು ತೇಲಿಸಿಬಿಟ್ಟೆ.

ಅಷ್ಟರಲ್ಲಿ ಸಂಘದ ಕಾರ್ಯದರ್ಶಿ ಫೋನ್ ಮಾಡಿದರು. ವಿಜಯಪುರದ ಕಡೆಯವರು, ಕಲ್ಯಾಣದಲ್ಲಿ ಮನೆ.

"ಅಕ್ಕಾರ, ರಾಜ್ಯೋತ್ಸವದಾಗ ಪರಿಚಯ ಭಾಷಣ ನೀವ ಮಾಡಬೇಕ್ರಿ. ಮನ್ಯಾನವ್ರು ಹೇಳಿದ್ರ ಅದರ ಖದರೇ ಬ್ಯಾರೆ. ಅವ್ರಿಗೆ ಶಾಲೂ ನೀವ ಹೊದಸ್ರಿ."

ನನಗೆ ಭಾಷಣ ಬರುವುದಿಲ್ಲ, ಗಂಟಲು ಸರಿಯಿಲ್ಲ ಎಂದೆಲ್ಲ ಹೇಳಿ ನೋಡಿದೆ. ಪುಣ್ಯಾತ್ಮ ಬಿಡಲಿಲ್ಲ.

"ಒಂದ್ ಮಾತು, ತಪ್ಪು ತಿಳೀಬ್ಯಾಡ್ರಿ. ಶುಭ ಕಾರ್ಯಕ್ರಮ ಐತಿ. ಆ ರೋಗದ ಹೆಸರು ತಗೀಬ್ಯಾಡ್ರಿ. ದೊಡ್ಡ ರೋಗ ಅಂದ್ರ ಸಾಕು."

ಅವರಿಗೆ ಬೈಯಬೇಕೆನಿಸಿತು. ಆದರೆ ಬೈಯಲು ನನಗೇನು ಹಕ್ಕು? ನಾನೂ ಮನಸ್ಸಿನಲ್ಲಿ ಕೂಡ ಆ ಹೆಸರು ಹೇಳಿಕೊಂಡಿರಲಿಲ್ಲ.

ಭಾಷಣಕ್ಕೆಂದು ನಾದಿನಿಯ ಸಂಶೋಧನೆಯ ಬಗ್ಗೆ ಅವಳನ್ನೇ ಕೇಳಿ ತಿಳಿದುಕೊಂಡೆ, ಫೋನಿನಲ್ಲಿ. ಎದುರಿಗೆ ಕೇಳಲು ಧೈರ್ಯವಿರಲಿಲ್ಲ. ಹೆಂಗಸರು ಯಾಕೆ ತಡವಾಗಿ ಆಸ್ಪತ್ರೆಗೆ ಬರುತ್ತಾರೆ ಎಂಬುದೇ ಅವಳ ಅಧ್ಯಯನದ ವಿಷಯ. ಗಂಟು ಯಾವಾಗಿಂದ ಇದೆ ಎಂದು ಡಾಕ್ಟರರು ಕೇಳಿದರೆ ನಮ್ಮ ಕಡೆಯ ಹೆಂಗಸರು "ಆಗಲೇ ಆಯ್ತು", "ಸ್ವಲ್ಪ ದಿನ" ಎನ್ನುತ್ತಾರಂತೆ. ತಾರೀಕು ಯಾರಿಗೆ ನೆನಪಿರುತ್ತದೆ? ಇವಳು ಹಾಗೆ ಕೇಳುವುದಿಲ್ಲ. "ಗಣಪತಿಗೆ ಮುಂಚೆಯೋ, ಆಮೇಲೋ?" ಎನ್ನುತ್ತಾಳೆ. ಮುಂಬ್ರಾದಿಂದ ಬಂದವರಿಗೆ ರಂಜಾನಿಗೆ ಮುಂಚೆಯೋ ಎನ್ನುತ್ತಾಳೆ. ಆಗ ನಿಜ ಹೊರಗೆ ಬರುತ್ತದಂತೆ. "ಅವರು ಮುಂದೆ ಹಾಕುವುದೂ ಹಬ್ಬ ಹಿಡಿದೇ ಅತ್ತಿಗೆ. ಹಬ್ಬ ಕಳೆಯಲಿ, ಮದುವೆ ಮುಗಿಯಲಿ ಅಂತ. ಹಬ್ಬ ಎಲ್ಲಿ ಮುಗಿಯುತ್ತದೆ, ಹೇಳಿ?" ನಾನು ಹೂಂ ಎಂದೆ.

ಕಾರ್ಯಕ್ರಮದ ದಿನ ಸೀರೆ ಉಡುವಾಗ ಸೆರಗಿನ ನೆರಿಗೆ ಮೂರು ಸಲ ತಪ್ಪಿದ್ದನ್ನು ಮಗಳು ನೋಡಿದಳು. ಕನ್ನಡ ಎಲ್ಲ ಅರ್ಥವಾಗುತ್ತದೆ ಅವಳಿಗೆ, ಉತ್ತರ ಮಾತ್ರ ಹಿಂದಿಯಲ್ಲಿ. "ಮಮ್ಮಿ, ಟೆನ್ಶನ್ ಮತ್ ಲೋ. ದೋ ಮಿನಿಟ್ ಕಾ ಸ್ಪೀಚ್ ಹೈ" ಎಂದು ಪಿನ್ನು ಹಾಕಿಕೊಟ್ಟಳು. ಇವಳಿಗೇನಾದರೂ ಗೊತ್ತಾದರೆ ಎಂದು ನೆನೆದು ಮುಖ ತಿರುಗಿಸಿ ಬಳೆ ಹುಡುಕತೊಡಗಿದೆ.

ಸಭಾಂಗಣ ತುಂಬಿತ್ತು. ಮುಂದಿನ ಸಾಲಿನಲ್ಲಿ ಶಹಾಡಿನ ಕ್ಯಾಂಟೀನ್ ಕೆಲಸಕ್ಕೆ ರಜೆ ಹಾಕಿ ಬಂದ ನನ್ನ ಗಂಡ, ತಂಗಿಯ ಹೆಮ್ಮೆಯಲ್ಲಿ ಎದೆ ಸೆಟೆಸಿ ಕೂತಿದ್ದರು. ನಾನು ಮೈಕಿನ ಮುಂದೆ ನಿಂತು ನಾದಿನಿಯ ಓದು, ಕೆಲಸ, ಪ್ರಶಸ್ತಿ ಎಲ್ಲ ಹೇಳಿದೆ. ಅವಳ ಸಂಶೋಧನೆಗೆ ಬಂದೆ. ಹೆಂಗಸರು ಮುಚ್ಚಿಡುತ್ತಾರೆ ಎಂದೆ. ಅಲ್ಲಿಗೆ ನಿಲ್ಲಿಸಬೇಕಿತ್ತು. ಬಾಯಿ ನಿಲ್ಲಲಿಲ್ಲ.

"ದಿನಾ ಸ್ನಾನದ ಮನೆಯಲ್ಲಿ ಬೆರಳಿಟ್ಟು ನೋಡ್ತಾರೆ, ಕರಗಿರಬಹುದು ಅಂತ. ಒಂದು ದಿನ ಬೇಕಂತಲೇ ನೋಡುವುದಿಲ್ಲ. ಮಾತಾಡಿಸದಿದ್ದರೆ ಬೇಡದ ನೆಂಟರು ಎದ್ದು ಹೋಗ್ತಾರಲ್ಲ, ಹಾಗೆ ಹೋದೀತು ಅಂತ. ಮಾರನೇ ದಿನ ನೋಡಿದರೆ ಅಲ್ಲೇ ಕೂತಿರ್ತದೆ."

ಜನ ಗೊಳ್ಳೆಂದು ನಕ್ಕರು, ಚಪ್ಪಾಳೆ ಹೊಡೆದರು. ನಾದಿನಿ ನಗಲಿಲ್ಲ. ಇದನ್ನೆಲ್ಲ ಅವಳು ನನಗೆ ಹೇಳಿಯೇ ಇರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನ ಬಲಗೈ ಸೆರಗಿನ ಮೇಲೆ, ಎಡಗಡೆಗೆ ಹೋಗಿ ಕೂತಿತ್ತು. ಅವಳು ನನ್ನ ಮುಖ ಬಿಟ್ಟು ಆ ಕೈಯನ್ನೇ ನೋಡುತ್ತಿದ್ದಳು. ಗಡಿಬಿಡಿಯಲ್ಲಿ ವಂದನೆ ಹೇಳಿ ಮಾತು ಮುಗಿಸಿದೆ.

ಶಾಲು ಹೊದೆಸಿದೆ. ಪೇಟ ತೊಡಿಸಿದರು, ಹಾರ ಹಾಕಿದರು, ಹಣ್ಣಿನ ಬುಟ್ಟಿ ಕೊಟ್ಟರು. ಹಿರಿಯಳೆಂದು ನನ್ನ ಕಾಲು ಮುಟ್ಟಲು ಬಾಗಿದವಳು ಏಳುವಾಗ ನನ್ನ ಎರಡೂ ತೋಳು ಹಿಡಿದುಕೊಂಡಳು. ಫೋಟೋದವನು "ಇಕಡೆ ಬಘಾ" ಎನ್ನುತ್ತಿದ್ದ. ಅವಳು ಆ ಕಡೆ ನೋಡಲಿಲ್ಲ. ನನ್ನ ಕಿವಿಯ ಹತ್ತಿರ ಬಂದು ಮೆಲ್ಲಗೆ ಕೇಳಿದಳು.

"ಗಣಪತಿಗೆ ಮುಂಚೆಯಾ ಅತ್ತಿಗೆ, ಆಮೇಲಾ?"

ಸುಳ್ಳು ಹೇಳಬಹುದಿತ್ತು. ಎಂತದ್ದು ಎಂದು ಕೇಳಬಹುದಿತ್ತು. "ಮುಂಚೆ" ಎಂದೆ.

ಅವಳ ಬೆರಳುಗಳು ನನ್ನ ತೋಳಿನಲ್ಲಿ ಬಿಗಿಯಾದವು. "ನಾಳೆ ಬೆಳಿಗ್ಗೆ ನನ್ನ ಜೊತೆ ಬನ್ನಿ."

"ಈ ವಾರ ತುಳಸಿ ಪೂಜೆ ಉಂಟಲ್ಲ. ಅದೊಂದು ಮುಗಿಸಿ..."

"ಇಲ್ಲ. ತುಳಸಿಗೆ ಮುಂಚೆ."

ಮಾರನೇ ದಿನ ಠಾಣೆ ರೈಲು ನಿಲ್ದಾಣದಲ್ಲಿ ನಾದಿನಿ, ಪನವೇಲ್ ಗಾಡಿ ಹೊರಡುವ ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದಳು. ಹಿಂದಿನ ದಿನದ ಬುಟ್ಟಿಯ ಸೇಬುಗಳನ್ನು ಹೆಚ್ಚಿ ಡಬ್ಬಿಗೆ ತುಂಬಿ ತಂದಿದ್ದಳು. ಗಾಡಿಯ ಹೆಂಗಸರ ಬೋಗಿಯಲ್ಲಿ ನನ್ನನ್ನು ಕಿಟಕಿಯ ಪಕ್ಕ ಕೂರಿಸಿದಳು. ಹಿಂದೆ ಅವಳ ಪರೀಕ್ಷೆಯ ದಿನಗಳಲ್ಲಿ ನಾನು ಅವಳನ್ನು ಹೀಗೇ ಕೂರಿಸುತ್ತಿದ್ದೆ. ಡಬ್ಬಿ ತೆಗೆದು ಸೇಬಿನ ಹೋಳು ಕೊಟ್ಟಳು. ಐರೋಲಿ ಸೇತುವೆ ಕಂಡಾಗ ಇಷ್ಟು ತಿಂಗಳು ಯಾರಿಗೂ ಹೇಳದ ಮಾತು ಹೊರಗೆ ಬಂತು.

"ನನಗೆ ಹೆದರಿಕೆ ಆಗ್ತದೆ ಮಾರಾಯ್ತಿ."

ಆಸ್ಪತ್ರೆಗೆ ಬರುವವರಿಗೆಲ್ಲ ಧೈರ್ಯ ಹೇಳುವವಳು ಅವಳು. ನನಗೂ ಅದನ್ನೇ ಹೇಳುತ್ತಾಳೆಂದು ಕಾದೆ. ಅವಳು ಡಬ್ಬಿಯ ಮುಚ್ಚಳ ಹಾಕಿದಳು, ತೆಗೆದಳು, ಮತ್ತೆ ಹಾಕಿದಳು.

"ನನಗೂ ಅತ್ತಿಗೆ" ಎಂದಳು, ಮತ್ತು ನನ್ನ ಕೈ ಹಿಡಿದುಕೊಂಡಳು.