ಹೋದರು ಅನ್ನಬಾರದು

ಸಾವಿನ ಸುದ್ದಿ ಹೇಳುವುದನ್ನೂ ಕಲಿಸಬೇಕೇ ಎಂದು ನೀವು ಕೇಳಬಹುದು. ಕಲಿಸಲೇಬೇಕು. ಆರು ವರ್ಷದಿಂದ ಅದನ್ನು ಕಲಿಸುತ್ತಿದ್ದವಳು ನಮ್ಮ ಟೀಚರಮ್ಮ. ಆ ಹೆಸರಿಟ್ಟವರು ಅವಳ ಅತ್ತೆ, ಅರ್ಧ ಹೆಮ್ಮೆಗೆ, ಅರ್ಧ ಕಾಲೆಳೆಯುವುದಕ್ಕೆ. ಅದಕ್ಕೂ ಮುಂಚೆ ಹದಿನೈದು ವರ್ಷ ಆಂಬುಲೆನ್ಸ್‌ನಲ್ಲಿ ನರ್ಸ್ ಆಗಿದ್ದಳು. ಸ್ಟ್ರೆಚರ್ ಎತ್ತಿ ಎತ್ತಿ ಬೆನ್ನು ಕೈಕೊಟ್ಟಿತು. ಆಮೇಲೆ, ಆಂಬುಲೆನ್ಸ್ ಸಿಬ್ಬಂದಿಗೆ ತರಬೇತಿ ಕೊಡುವವರಿಗೇ ಪಾಠ ಹೇಳುವ ಆನ್‌ಲೈನ್ ಕೆಲಸ ಹಿಡಿದಳು.

ಕ್ಲಾಸು ನಡೆಯುತ್ತಿದ್ದದ್ದು ಅತ್ತೆಯ ಕೋಣೆಯ ಪಕ್ಕದ ಪುಟ್ಟ ರೂಮಿನಲ್ಲಿ, ಎರಡು ಬಿಸ್ಕತ್ತಿನ ಡಬ್ಬಿಗಳ ಮೇಲೆ ಕೂತ ಲ್ಯಾಪ್‌ಟಾಪಿನ ಮುಂದೆ. ಪಾಠಗಳನ್ನು ಏಳೇಳು ನಿಮಿಷದ ತುಂಡು ಮಾಡಿ ರೆಕಾರ್ಡ್ ಮಾಡಿಟ್ಟಿದ್ದಳು. ಡ್ಯೂಟಿಯ ನಡುವೆ ಯಾರು ಯಾವಾಗ ಬೇಕಾದರೂ ನೋಡಿಕೊಳ್ಳಲಿ ಎಂದು. ಗುರುವಾರ ಮಧ್ಯಾಹ್ನ ಮಾತ್ರ ಎಲ್ಲರೂ ಒಟ್ಟಿಗೆ ಸೇರಬೇಕು. ಒಬ್ಬ ಆಂಬುಲೆನ್ಸಿನ ಹಿಂದಿನ ಸೀಟಿನಿಂದ, ಇನ್ನೊಬ್ಬಳು ಆಸ್ಪತ್ರೆಯ ಮೆಟ್ಟಿಲಿನಿಂದ, ಮತ್ತೊಬ್ಬಳು ಮಡಿಲಲ್ಲಿ ಮಗು ಇಟ್ಟುಕೊಂಡು. ಯಾರಾದರೂ ಕ್ಯಾಮೆರಾ ಮುಚ್ಚಿಕೊಂಡು "ನೆಟ್‌ವರ್ಕ್ ಇಲ್ಲ ಮೇಡಂ" ಅಂದರೆ, "ನೆಟ್‌ವರ್ಕ್ ಇದೆ, ಮನಸ್ಸಿಲ್ಲ" ಎಂದು ಗದರುವಳು.

ಅವಳ ಮುಖ್ಯ ಪಾಠ ಹುಟ್ಟಿದ್ದು ಒಂದು ತಪ್ಪಿನಿಂದ. ಆಂಬುಲೆನ್ಸ್‌ಗೆ ಸೇರಿದ ಹೊಸದರಲ್ಲಿ, ಆಸ್ಪತ್ರೆಯ ಬಾಗಿಲಲ್ಲಿ ನಿಂತಿದ್ದ ಹೆಂಗಸಿಗೆ ಮೆಲ್ಲಗೆ, "ನಿಮ್ಮ ಯಜಮಾನ್ರು ಹೋದ್ರಮ್ಮ" ಅಂದಿದ್ದಳು. "ಎಲ್ಲಿಗೆ? ದೊಡ್ಡಾಸ್ಪತ್ರೆಗಾ?" ಎಂದು ಕೇಳಿದ ಹೆಂಗಸು ಉತ್ತರಕ್ಕೂ ಕಾಯದೆ, ಗಂಡನ ಬಟ್ಟೆಯ ಚೀಲ ಎತ್ತಿಕೊಂಡು ಆಟೋ ಹತ್ತಿ ಹೊರಟೇಬಿಟ್ಟಳು. ಮೂರು ತಾಸು ಆ ಆಸ್ಪತ್ರೆಯ ವಾರ್ಡು ವಾರ್ಡು ಹುಡುಕಿದ್ದಳಂತೆ.

ಅಂದಿನಿಂದ ಟೀಚರಮ್ಮನದು ಒಂದೇ ಹಟ. ಹೋದರು, ಇಲ್ಲವಾದರು, ಕೈಮೀರಿತು ಎಂದು ಅಡ್ಡಗೋಡೆಯ ಮೇಲೆ ದೀಪ ಇಡಬೇಡಿ. ಪಕ್ಕದಲ್ಲಿ ಕೂತುಕೊಳ್ಳಿ. ಸತ್ತಿದ್ದಾರೆ ಅನ್ನಿ. ಆಮೇಲೆ ಬಾಯಿ ಮುಚ್ಚಿಕೊಂಡು ಜೊತೆಗಿರಿ. ಒರಟು ಮಾತು, ನಾಲಿಗೆ ಏಳುವುದಿಲ್ಲ, ನಿಜ. ಆದರೂ ಮುನ್ನೂರು ಜನರ ಬಾಯಲ್ಲಿ ಆ ಮಾತನ್ನು ಆಡಿಸಿದ್ದಳು ಗಟ್ಟಿಗಿತ್ತಿ.

ಅಂಥವಳ ಗಂಡ ಸತ್ತ. ದೂರದೂರಿನ ಸೇತುವೆ ಕೆಲಸದಲ್ಲಿ ಮೇಸ್ತ್ರಿಯಾಗಿದ್ದವನು, ಎದೆ ಹಿಡಿದುಕೊಂಡಂತಾಗುತ್ತಿದೆ ಎಂದು ಕಬ್ಬಿಣದ ರಾಶಿಯ ಮೇಲೆ ಕೂತ, ಏಳಲಿಲ್ಲ. ಆಗ ಅತ್ತೆ ಸೊಂಟದ ಮೂಳೆಗೆ ಆಪರೇಷನ್ ಆಗಿ ಎರಡನೇ ದಿನ. "ಈಗ ಹೇಳಿದ್ರೆ ಅಮ್ಮನೂ ಉಳಿಯಲ್ಲ ಅತ್ತಿಗೆ, ಒಂದು ವಾರ ತಡೀರಿ" ಎಂದು ಮೈದುನ ಕೈಮುಗಿದ. ಅಂತ್ಯಕ್ರಿಯೆ ಅಲ್ಲೇ ಮುಗಿಯಿತು. ವಾರ ತಿಂಗಳಾಯಿತು. ಮಗ ಯಾಕೆ ಫೋನ್ ಮಾಡಿಲ್ಲ ಎಂದು ಅತ್ತೆ ಕೇಳಿದಾಗ ಟೀಚರಮ್ಮ ಹೇಳಿದ್ದೇನು ಗೊತ್ತೇ? "ಅಲ್ಲಿ ನೆಟ್‌ವರ್ಕ್ ಇಲ್ಲ ಅತ್ತೆ." ಪುರಾಣ ಹೇಳೋದಕ್ಕೆ, ಬದನೆಕಾಯಿ ತಿನ್ನೋದಕ್ಕೆ ಎಂದು ನಗೋಣವೆಂದರೆ ನಗು ಬರುವುದಿಲ್ಲ.

ಯಾಕೆಂದರೆ ಆ ಸುಳ್ಳು ಔಷಧಿಯ ಕೆಲಸ ಮಾಡಿತು. ಮಗ ಬರುವ ಹೊತ್ತಿಗೆ ತಾನೇ ನಡೆದುಹೋಗಿ ಬಾಗಿಲು ತೆಗೆಯಬೇಕೆಂದು ಅತ್ತೆ ವಾಕರ್ ಹಿಡಿದು ನಿಂತರು. ನಾಲ್ಕು ಹೆಜ್ಜೆ ಹತ್ತಾಯಿತು, ಹತ್ತು ಇಪ್ಪತ್ತಾಯಿತು. "ದೊಡ್ಡೋನಿಗೆ ತಿಳಿಸೇ, ನಿಮ್ಮಮ್ಮ ಓಡೋಕೆ ಶುರು ಮಾಡಿದಾಳೆ ಅಂತ!" ಎಂದು ಬೊಚ್ಚುಬಾಯಿ ಬಿಟ್ಟು ನಗುವರು. ಸೊಸೆ ತಾನೂ ನಗುವಳು. ಹೇಳಿದರೆ ಈ ನಡಿಗೆ ಅಲ್ಲಿಗೇ ನಿಂತುಹೋಗುತ್ತದೆ. ಹೇಳದಿದ್ದರೆ ದಿನಾ ಗಂಡನನ್ನು ಬದುಕಿಸಬೇಕು. ಪಾಪ, ಅವಳ ಸಂಕಟ ಶತ್ರುವಿಗೂ ಬೇಡ.

ಮೂವತ್ತೊಂದನೆಯ ದಿನ ಗುರುವಾರ. ಕ್ಲಾಸಿನಲ್ಲಿ ಮೀಸೆ ಡ್ರೈವರ್ ಎಂದೇ ಎಲ್ಲರೂ ಕರೆಯುವ ಹಳಬ ಕೈಯೆತ್ತಿದ. "ಮೇಡಂ, ಒಂದು ಡೌಟು. ಮಗ ಸತ್ತಿರ್ತಾನೆ. ವಯಸ್ಸಾದ ತಾಯಿಗೆ ಹೇಳಬೇಡಿ ಅಂತ ಮನೆಯವರು ಕೈಕಾಲು ಹಿಡೀತಾರೆ. ಆಗೇನು ಮಾಡೋದು?"

ಆರು ವರ್ಷದ ಅಭ್ಯಾಸ, ಉತ್ತರ ತಾನಾಗಿ ಬಂತು. "ತಾಯಿ ತಡ್ಕೊಳ್ಳಲ್ಲ ಅನ್ನೋದು ತಾಯಿಯ ಮಾತಲ್ಲ, ಮನೆಯವರ ಭಯ. ತಮ್ಮ ಭಯಾನ ಆಕೆಯ ತಲೆಗೆ ಕಟ್ಟಬಾರದು. ಮಗ ಆಕೆಯವನು. ಸುದ್ದೀನೂ ಆಕೆಯದೇ."

ತೆರೆಯ ಮೇಲೆ ಹನ್ನೊಂದು ತಲೆಗಳು ಬಗ್ಗಿ ಅದನ್ನು ಬರೆದುಕೊಂಡವು. ಅವಳಿಗೆ ನಾಚಿಕೆಯಾಯಿತು. "ಇವತ್ತಿಗೆ ಸಾಕು. ನನ್ನದೊಂದು ಕೆಲಸ ಬಾಕಿ ಇದೆ" ಎಂದು ಲ್ಯಾಪ್‌ಟಾಪ್ ಮುಚ್ಚಿದಳು.

ಅತ್ತೆ ಮಂಚದ ಅಂಚಿನಲ್ಲಿ ಕೂತು ಕಾಲು ನೀವಿಕೊಳ್ಳುತ್ತಿದ್ದರು. ಪಕ್ಕದಲ್ಲಿ ಕೂತಳು. ಕೈ ಹಿಡಿದುಕೊಂಡಳು.

"ಅತ್ತೆ, ಕೆಟ್ಟ ಸುದ್ದಿ ಇದೆ. ಅವರು ಸತ್ತಿದ್ದಾರೆ. ನಿಮ್ಮ ದೊಡ್ಡ ಮಗ ಸತ್ತಿದ್ದಾರೆ."

ಹೇಳಿ ಬಾಯಿ ಮುಚ್ಚಿದಳು. ಹೊರಗೆ ಯಾರದೋ ಸ್ಕೂಟರು ಸ್ಟಾರ್ಟ್ ಆಗದೆ ಕೆಮ್ಮುತ್ತಿತ್ತು. ಅತ್ತೆ ಅವಳ ಮುಖವನ್ನೇ ನೋಡಿದರು.

"ಯಾವತ್ತು?"

"ಮೂವತ್ತೊಂದು ದಿನ ಆಯ್ತು."

ಮುದುಕಿ ಬೆರಳು ಮಡಚಿ ಲೆಕ್ಕ ಹಾಕಿದರು. "ನಾನು ಮೊದಲ್ನೇ ಸಲ ಎದ್ದು ನಿಂತಾಗ ಚಪ್ಪಾಳೆ ಹೊಡೆದ್ಯಲ್ಲ, ಆವತ್ತು ಇದ್ನಾ?"

"ಇಲ್ಲ ಅತ್ತೆ. ಅದಕ್ಕೆ ನಾಲ್ಕು ದಿನ ಮುಂಚೆ."

"ಹಾಗಾದ್ರೆ ನನ್ನ ಮಗ ಸತ್ತ ನಾಲ್ಕನೇ ದಿನಕ್ಕೆ ನಾನು ನಕ್ಕೆ. ಆಮೇಲೂ ದಿನಾ ನಕ್ಕೆ. ನೀವೆಲ್ಲ ಸೇರಿ ನನ್ನನ್ನ ನಗಿಸಿದ್ರಿ."

ಅತ್ತೆ ಕೈ ಬಿಡಿಸಿಕೊಂಡು ಗೋಡೆಯ ಕಡೆ ತಿರುಗಿ ಮಲಗಿದರು. ಬೆನ್ನು ಸಣ್ಣಗೆ ಅಲುಗುತ್ತಿತ್ತು. ಅವಳು ಏಳಲಿಲ್ಲ, ಮುಟ್ಟಲೂ ಇಲ್ಲ. ಬೆಳಕು ಕಿಟಕಿ ದಾಟಿ ಹೋಗುವವರೆಗೂ ಇಬ್ಬರೂ ಹಾಗೇ ಇದ್ದರು. ಕೊನೆಗೆ ಗೋಡೆಯ ಕಡೆಯಿಂದ ಮಾತು ಬಂತು.

"ನೀನೆಲ್ಲಿ ಅಳ್ತಿದ್ದೆ ಇಷ್ಟು ದಿನ?"

"ಬಚ್ಚಲಲ್ಲಿ. ನಲ್ಲಿ ಬಿಟ್ಕೊಂಡು."

ಅತ್ತೆ ಮೆಲ್ಲಗೆ ಇತ್ತ ಹೊರಳಿದರು.

"ನನಗೆ ಗೊತ್ತಾಗ್ಲಿಲ್ಲ ಕಣೇ," ಅಂದರು. "ನೀರು ಪೋಲು ಮಾಡ್ತಾಳೆ ಅಂತ ದಿನಾ ಬೈಕೊಂಡೆ."